ಅತ್ತೆಗೆ 71 ವರ್ಷ, ಪಾರ್ಕಿನ್ಸನ್ ಕಾಯಿಲೆ: ಸಂಧ್ಯಾ ಸುರಕ್ಷಾ ಬಿಟ್ಟು ವಿಕಲಚೇತನರ ಪಿಂಚಣಿಗೆ ಅರ್ಜಿ ಹಾಕಬೇಕೇ?

ಪ್ರಶ್ನೆ: ಪಾಂಡವಪುರದ ಸೊಸೆ

ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಅತ್ತೆಗೆ 71 ವರ್ಷ. ಅವರಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಮೈಸೂರಿನ ನರರೋಗ ತಜ್ಞರು ಹೇಳಿ ಕೆಲವು ವರ್ಷಗಳಾದವು. ಶುರುವಿನಲ್ಲಿ ಬಲಗೈ ಹೆಬ್ಬೆರಳೊಂದೇ ನಡುಗುತ್ತಿತ್ತು. ರಾಗಿ ಕೇರುವಾಗ ಮೊರ ಕೈಜಾರುತ್ತದೆ ಎಂದು ಅವರೇ ಬೇಸರಪಟ್ಟುಕೊಳ್ಳುತ್ತಿದ್ದರು. ಈಗ ಸೀರೆಯ ನೆರಿಗೆ ಹಿಡಿಯಲು, ತಲೆ ಬಾಚಲು, ಮುದ್ದೆ ಮುರಿದು ಬಾಯಿಗಿಡಲು ನಾನು ಬೇಕು. ರಾತ್ರಿ ಮಗ್ಗುಲು ಬದಲಿಸುವುದೂ ಅವರಿಂದ ಆಗುವುದಿಲ್ಲ, ನನ್ನ ಹೆಸರು ಹಿಡಿದು ಕರೆಯುತ್ತಾರೆ. ಆ ದನಿಯೂ ಈಚೆಗೆ ಸಣ್ಣದಾಗಿದೆ, ಆದ್ದರಿಂದ ನಾನು ಅವರ ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತೇನೆ.

ಮಂಡ್ಯದ ಕಡೆ ಒಂದು ಗಾರ್ಮೆಂಟ್ ಕಾರ್ಖಾನೆಗೆ ಹೋಗುತ್ತಿದ್ದೆ. ಅತ್ತೆ ಬಚ್ಚಲಿನಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ ಕೆಲಸ ಬಿಟ್ಟೆ. ಯಜಮಾನರದು ಒಂದೂವರೆ ಎಕರೆ ಕಬ್ಬು. ಮೈದುನ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಮಾತ್ರೆಯ ಖರ್ಚು ಅವನೇ ಕಳುಹಿಸುತ್ತಾನೆ. ಅತ್ತೆಗೆ ಹಿರಿಯರ ಪಿಂಚಣಿ ಸಂಧ್ಯಾ ಸುರಕ್ಷಾದ 1,200 ರೂಪಾಯಿ ತಿಂಗಳು ತಿಂಗಳು ಬರುತ್ತಿದೆ.

ಪಡಸಾಲೆಯಲ್ಲಿ ಕುಳಿತಿದ್ದ ಒಬ್ಬರು, ಇವರಿಗೆ ವಿಕಲಚೇತನರ ಪಿಂಚಣಿ ಮಾಡಿಸಿ, ಅದರಲ್ಲಿ ಹೆಚ್ಚು ಬರುತ್ತದೆ, ನನಗೆ ಇಷ್ಟು ಕೊಟ್ಟರೆ ನಾನೇ ಓಡಾಡಿ ಮಾಡಿಸುತ್ತೇನೆ ಎಂದರು. ಅದಕ್ಕೆ ಮೊದಲು ಈಗ ಬರುತ್ತಿರುವುದನ್ನು ರದ್ದು ಮಾಡಿಸಬೇಕಂತೆ. ನಿಜವೇ? ನೋಡಿಕೊಳ್ಳುವವರಿಗೂ ಸಾವಿರ ರೂಪಾಯಿ ಇದೆ ಎಂದು ಸಂಘದ ಸಭೆಯಲ್ಲಿ ಯಾರೋ ಹೇಳಿದರು, ಅದು ಹೇಗೆ?

ಇನ್ನೊಂದು ತೊಡಕಿದೆ. ಅತ್ತೆ ಒಪ್ಪುತ್ತಿಲ್ಲ. "ವಯಸ್ಸಾದ ಮೇಲೆ ಕೈಕಾಲು ನಡುಗುತ್ತದೆ, ಅದಕ್ಕೆ ನನ್ನನ್ನು ಕುಂಟರ ಸಾಲಿನಲ್ಲಿ ನಿಲ್ಲಿಸುತ್ತೀಯಾ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಒಪ್ಪಿದರೂ, ಡಾಕ್ಟರ ಮುಂದೆ ಹೋದ ತಕ್ಷಣ ನೆಟ್ಟಗೆ ಕುಳಿತು "ಚೆನ್ನಾಗಿದ್ದೇನಪ್ಪ" ಎಂದುಬಿಡುತ್ತಾರೆ. ಮಾತ್ರೆ ನುಂಗಿ ಒಂದು ಗಂಟೆಯಾದ ಮೇಲೆ ನೋಡಿದವರಿಗೆ ಈ ಅಮ್ಮನಿಗೆ ಏನೂ ಆಗಿಲ್ಲ ಎನಿಸುತ್ತದೆ. ಅಂಗವೈಕಲ್ಯದ ಶೇಕಡಾವಾರು ಹಾಕುವ ವೈದ್ಯರು ಅದನ್ನೇ ನೋಡಿ ಕಳುಹಿಸಿದರೆ ಏನು ಮಾಡಲಿ? ಇದನ್ನು ಮಾಡಿಸಿದವರು ದಯವಿಟ್ಟು ತಿಳಿಸಿ.

ಉತ್ತರ: ಪುನರ್ವಸತಿ ಕಾರ್ಯಕರ್ತ, ನಾಗಮಂಗಲ ತಾಲ್ಲೂಕು

ಅಕ್ಕ, ಮೊದಲನೆಯದಾಗಿ ಆ ವ್ಯಕ್ತಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಗೆ, ಸರ್ಕಾರಿ ಶುಲ್ಕವೇ ಇಲ್ಲ. ಅರ್ಜಿ ಹಾಕುವುದು ಸ್ವಾವಲಂಬನ್ ಜಾಲತಾಣದಲ್ಲಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ನನ್ನಂತೆಯೇ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿ ತುಂಬಿಸುವುದು, ತಪಾಸಣೆಯ ದಿನ ತಿಳಿಸುವುದು ನಮ್ಮ ಕೆಲಸ. ಬಹಳ ಮನೆಗಳಿಗೆ ನಾವು ಇರುವುದೇ ತಿಳಿದಿಲ್ಲ. ಮಕ್ಕಳ ವಿಷಯಕ್ಕೆ ನಮ್ಮನ್ನು ಹುಡುಕಿಕೊಂಡು ಬರುವವರು ಅಜ್ಜಿಯರ ವಿಷಯಕ್ಕೆ ಬರುವುದಿಲ್ಲ.

ಪಾರ್ಕಿನ್ಸನ್ ಕಾನೂನಿನಲ್ಲಿ ಹೆಸರಿಸಿಯೇ ಇರುವ ಕಾಯಿಲೆ. 1995ರ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯಗಳಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಆಗ ಸೇರಿದವು. ಆದ್ದರಿಂದ ಇದು ವಯಸ್ಸಿನ ನಡುಕ ಎಂದು ಯಾರಾದರೂ ಕೌಂಟರಿನಲ್ಲೇ ವಾಪಸು ಕಳುಹಿಸಿದರೆ, ಕಾಯ್ದೆಯ ಹೆಸರು ಹೇಳಿ.

ಆಧಾರ್, ಭಾವಚಿತ್ರ, ವಾಸಸ್ಥಳದ ದಾಖಲೆ, ನರರೋಗ ತಜ್ಞರ ಎಲ್ಲ ಚೀಟಿಗಳು ಬೇಕು. ಆಧಾರ್‌ಗೆ ಈಗ ನೀವು ಬಳಸುವ ಮೊಬೈಲ್ ಸಂಖ್ಯೆಯೇ ಜೋಡಣೆಯಾಗಿದೆಯೇ ಎಂದು ಮೊದಲು ನೋಡಿ. ಹಳೆಯ ಸಂಖ್ಯೆಗೆ ಒಟಿಪಿ ಹೋಗಿ ಅರ್ಜಿ ಅಲ್ಲೇ ನಿಂತಿರುವ ಮನೆಗಳು ನನ್ನ ಪಂಚಾಯಿತಿಯಲ್ಲೇ ಇವೆ. ವಾಸವಿರುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು, ಇಲ್ಲವೇ ಇದೇ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯಲ್ಲೂ ಸಲ್ಲಿಸಬಹುದು. ತಪಾಸಣೆ ದಿನವೂ ನಡೆಯುವುದಿಲ್ಲ, ವಾರದ ಯಾವ ದಿನ ಎಂದು ಕೇಳಿಕೊಂಡೇ ಹೊರಡಿ. ಅಷ್ಟು ದೂರ ಅವರನ್ನು ಕೂರಿಸಿಕೊಂಡು ಹೋಗಿ ಸುಮ್ಮನೆ ಹಿಂತಿರುಗುವ ಹಾಗೆ ಆಗಬಾರದು.

ಕಾರ್ಡಿನ ಬಣ್ಣ ಶೇಕಡಾವಾರಿನ ಮೇಲೆ: 40ಕ್ಕಿಂತ ಕಡಿಮೆಯಾದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ.

ಉತ್ತರ: ಮಳವಳ್ಳಿ ರೈತ

ತಪ್ಪು ತಿಳಿಯಬೇಡಿ ತಂಗಿ. ನಮ್ಮ ತಾಯಿಯೂ ಐದಾರು ವರ್ಷ ಹಾಸಿಗೆ ಹಿಡಿದಿದ್ದರು. ನನ್ನ ಹೆಂಡತಿ ನೋಡಿಕೊಂಡಳು, ಯಾರ ಹತ್ತಿರವೂ ಹೋಗಲಿಲ್ಲ. ಹೆತ್ತವರನ್ನು ನೋಡಿಕೊಳ್ಳುವುದಕ್ಕೆ ಸರ್ಕಾರದಿಂದ ದುಡ್ಡು ಕೇಳುವುದು ನನಗೇಕೋ ಸರಿ ಕಾಣುವುದಿಲ್ಲ. ಆ ಸಾವಿರ ರೂಪಾಯಿಗಾಗಿ ಈ ವಯಸ್ಸಿನಲ್ಲಿ ಅವರನ್ನು ಆಸ್ಪತ್ರೆ, ಕಚೇರಿ ಎಂದು ಅಲೆಸಬೇಕೇ? ಒಪ್ಪದವರನ್ನು ಬಲವಂತ ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ.

ಉತ್ತರ: ನಿವೃತ್ತ ಶಿಕ್ಷಕಿ, ಕೃಷ್ಣಮೂರ್ತಿಪುರಂ, ಮೈಸೂರು

ಪಾಂಡವಪುರದ ತಾಯಿ, ನಿಮ್ಮ ಪತ್ರ ಓದಿ ನನಗೆ ಸುಮ್ಮನಿರಲಾಗಲಿಲ್ಲ. ನನ್ನ ಪತಿ ರೇಷ್ಮೆ ನೇಯ್ಗೆಯ ಕೆಲಸದಲ್ಲಿದ್ದವರು, ಎಳೆ ತಪ್ಪಿದರೆ ಕತ್ತಲಲ್ಲೂ ಬೆರಳಿನಿಂದ ಗುರುತಿಸುತ್ತಿದ್ದ ಮನುಷ್ಯ. ಅದೇ ಬೆರಳುಗಳಿಗೆ ಅಂಗಿಯ ಗುಂಡಿ ಸಿಗದ ಹಾಗಾಯಿತು. ಅವರೂ ಪಾರ್ಕಿನ್ಸನ್‌ನಲ್ಲೇ ತೀರಿಕೊಂಡರು. ಈಗ ನಮ್ಮ ಬಡಾವಣೆಯ ಹಿರಿಯರ ಅರ್ಜಿಗಳನ್ನು ತುಂಬಿಕೊಡುತ್ತೇನೆ. ಹಾಗಾಗಿ ಕೊಂಚ ದೀರ್ಘವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಮಳವಳ್ಳಿಯ ಅಣ್ಣನವರಿಗೆ. ನಿಮ್ಮ ಹೆಂಡತಿ ಮಾಡಿದ ಸೇವೆಗೆ ನನ್ನ ನಮಸ್ಕಾರ. ಆದರೆ ಅವರು ಆ ಐದಾರು ವರ್ಷ ಹೊಲಕ್ಕೆ ಹೋಗಲಿಲ್ಲ, ತವರಿನ ಮದುವೆಗಳಿಗೆ ಹೋಗಲಿಲ್ಲ, ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಲಿಲ್ಲ. ಅದಕ್ಕೆ ಬೆಲೆಯಿತ್ತು, ಆ ಬೆಲೆಯನ್ನು ಅವರೊಬ್ಬರೇ ತೆತ್ತರು. ಪಾಂಡವಪುರದ ಈ ಹೆಣ್ಣುಮಗಳು ಸಂಬಳದ ಕೆಲಸವನ್ನೇ ಬಿಟ್ಟಿದ್ದಾಳೆ. ಆರೈಕೆದಾರರ ಭತ್ಯೆಯನ್ನು ಯಾರೋ ದಯೆಯಿಂದ ಕೊಟ್ಟದ್ದು ಎಂದುಕೊಳ್ಳಬೇಡಿ. 2016ರ ಕಾಯ್ದೆಯ 24ನೇ ಕಲಮಿನಲ್ಲಿ, ಹೆಚ್ಚಿನ ನೆರವು ಬೇಕಾದ ವಿಕಲಚೇತನರಿಗೆ ಸರ್ಕಾರ ಮಾಡಬೇಕಾದ ಏರ್ಪಾಡುಗಳಲ್ಲಿ ಅದೂ ಒಂದು ಎಂದು ಬರೆದಿದೆ. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಹಣ ಮುಟ್ಟಿದರೆ ಪ್ರೀತಿ ಕೆಡುತ್ತದೆ ಎಂದು ನಾನು ಒಪ್ಪುವುದಿಲ್ಲ. ಆ ಹಣದಲ್ಲಿ ವಾರಕ್ಕೆರಡು ಮಧ್ಯಾಹ್ನ ಪಕ್ಕದ ಮನೆಯವರನ್ನು ಅತ್ತೆಯ ಹತ್ತಿರ ಕೂರಿಸಿ ಇವಳು ಮಲಗಿ ಎದ್ದರೆ, ಮೂರನೆಯ ದಿನ ಅತ್ತೆಗೆ ಸಿಗುವ ಸೊಸೆಯೇ ಬೇರೆ.

ಇನ್ನು ನಿಮ್ಮ ವಿಷಯ. ನಿಮ್ಮ ಅತ್ತೆ ಹೇಳಿದ ಮಾತು, ವಯಸ್ಸಾದ ಮೇಲೆ ಹೀಗೇ ಎಂಬುದು, ನಮ್ಮ ಹಿರಿಯರ ಹಕ್ಕುಗಳನ್ನು ನುಂಗುವಷ್ಟು ಬೇರೆ ಯಾವುದೂ ನುಂಗುವುದಿಲ್ಲ. ಹಿರಿಯರು ಹೇಳುತ್ತಾರೆ, ಮಕ್ಕಳು ಹೇಳುತ್ತಾರೆ, ಕಚೇರಿಯವರೂ ಹೇಳುತ್ತಾರೆ, ಕೆಲವು ವೈದ್ಯರೂ ಹೇಳುತ್ತಾರೆ. ವಯಸ್ಸು ಎಲ್ಲರಿಗೂ ಆಗುತ್ತದೆ. ಆದರೆ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಉಂಟುಮಾಡುವ ಕೋಶಗಳು ಸಾಯುತ್ತ ಹೋಗುವುದು ಎಲ್ಲರಿಗೂ ಆಗುವುದಿಲ್ಲ. ಅದು ಕಾಯಿಲೆ. ಪಕ್ಕದ ಮನೆಯ 71ರ ಅಜ್ಜಿ ತಾನೇ ಸೀರೆ ಉಟ್ಟುಕೊಳ್ಳುತ್ತಾರೆ ತಾನೇ? ಅತ್ತೆಗೆ ಅದನ್ನೇ ಮೆಲ್ಲಗೆ ಹೇಳಿ ನೋಡಿ.

ಸಾಲಿನಲ್ಲಿ ನಿಲ್ಲುವ ಸಂಕೋಚಕ್ಕೆ ವಾದ ಮಾಡಬೇಡಿ. ಅವರಿಗೆ ನೋವಾಗಿರುವುದು ನಿಜ. ಒಂದು ಕಾಲದಲ್ಲಿ ಹತ್ತು ಆಳಿಗೆ ಬುತ್ತಿ ಕಟ್ಟಿದ ಕೈ ಅದು. ನನ್ನ ಪತಿಯನ್ನು ಒಪ್ಪಿಸಿದ್ದು ಒಂದೇ ಮಾತು: "ಇದು ನಿಮಗಲ್ಲ, ನನಗೆ ಬೇಕು." ನಿಮ್ಮ ಅತ್ತೆ ನಿಮ್ಮ ಹೆಸರು ಹಿಡಿದು ಕರೆಯುತ್ತಾರೆ ಎಂದಿರಿ. ನೀವು ಕೆಲಸ ಬಿಟ್ಟದ್ದು ಅವರಿಗೆ ಗೊತ್ತು. ನಿಮಗಾಗಿ ಎಂದರೆ ಅವರು ಬರುತ್ತಾರೆ ಎಂದು ನನ್ನ ಮನಸ್ಸು ಹೇಳುತ್ತದೆ.

ಡಾಕ್ಟರ ಮುಂದೆ ಚೆನ್ನಾಗಿದ್ದೇನೆ ಎನ್ನುವುದು. ಇದನ್ನು ದಯವಿಟ್ಟು ಗಮನವಿಟ್ಟು ಓದಿ, ಪಾರ್ಕಿನ್ಸನ್‌ನಲ್ಲಿ ಎಲ್ಲರಿಗೂ ಏಟು ಬೀಳುವುದು ಇಲ್ಲೇ. ಲೆವೊಡೋಪಾ ಮಾತ್ರೆ ಕೆಲಸ ಮಾಡುವ ಹೊತ್ತು ಬೇರೆ, ಅದರ ಶಕ್ತಿ ಇಳಿದ ಹೊತ್ತು ಬೇರೆ. ಒಂದೇ ದಿನದಲ್ಲಿ ಒಬ್ಬರೇ ಇಬ್ಬರಂತೆ ಕಾಣುತ್ತಾರೆ. ತಪಾಸಣೆಯ ಕೋಣೆಯಲ್ಲಿ ಅವರು ಇರುವುದು ಸ್ವಲ್ಪ ಹೊತ್ತು, ಅದೂ ಮಾತ್ರೆ ಹಿಡಿದಿರುವ ಹೊತ್ತಾದರೆ ವೈದ್ಯರಿಗೆ ಕಾಣುವುದು ಅರ್ಧ ಸತ್ಯ. ಹಾಗೆಂದು ಆ ದಿನ ಮಾತ್ರೆ ತಪ್ಪಿಸುವ ಆಲೋಚನೆ ಖಂಡಿತ ಬೇಡ. ಕೆಲವರು ಅಂಥ ಸಲಹೆ ಕೊಡುತ್ತಾರೆ, ಅದು ಅಪಾಯ. ಈ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ದೇಹ ಬಿಗಿದುಕೊಂಡು ಜ್ವರ ಬಂದು ಜೀವಕ್ಕೇ ಕುತ್ತಾಗಬಹುದು.

ಬದಲಿಗೆ ಒಂದು ನೂರು ಪುಟದ ನೋಟ್‌ಪುಸ್ತಕ ತನ್ನಿ. ಒಂದೆರಡು ವಾರ ಬರೆಯಿರಿ. ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರಿ, ಎಷ್ಟು ಗಂಟೆಗೆ ಕೈಕಾಲು ಸಡಿಲವಾಯಿತು, ಮತ್ತೆ ಎಷ್ಟು ಗಂಟೆಗೆ ಬಿಗಿಯಿತು. ರಾತ್ರಿ ಯಾವ ಯಾವ ಹೊತ್ತಿನಲ್ಲಿ ಎಬ್ಬಿಸಿದರು, ಏತಕ್ಕೆ. ಬಿದ್ದದ್ದು, ಬೀಳುವ ಹಾಗಾದದ್ದು, ನೀರು ಕುಡಿಯುವಾಗ ನೆತ್ತಿಗೇರಿದ್ದು. "ತುಂಬಾ ಕಷ್ಟ" ಎಂದು ಬರೆಯಬೇಡಿ, ಆ ಮಾತಿನಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. "ಲೋಟ ಎರಡು ಕೈಯಲ್ಲಿ ಹಿಡಿದರೂ ಅರ್ಧ ಚೆಲ್ಲುತ್ತದೆ, ನಾನು ಕುಡಿಸುತ್ತೇನೆ" ಎಂದು ಬರೆಯಿರಿ. "ಬಚ್ಚಲಿಗೆ ಒಬ್ಬರೇ ಹೋಗಲಾರರು" ಎಂದು ಬರೆಯಿರಿ. ಮಣಿಕಟ್ಟು ಮುರಿದಾಗಿನ ಎಕ್ಸ್‌ರೇ, ಆಸ್ಪತ್ರೆಯ ಚೀಟಿ ಇದ್ದರೆ ಅದೂ ಪುಸ್ತಕದ ಜೊತೆಗಿರಲಿ.

ಅತ್ತೆ ಬಾಗಿಲು ದಾಟುವಾಗ ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾರೆಯೇ? ಈ ಕಾಯಿಲೆಯಲ್ಲಿ ಅದು ಬಹಳ ಜನರಿಗೆ ಆಗುತ್ತದೆ. ಹಾಗಾಗುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಅವರ ಒಪ್ಪಿಗೆ ಕೇಳಿ. ಒಂದು ನಿಮಿಷದ ಆ ವಿಡಿಯೊ ಹತ್ತು ಚೀಟಿಗಿಂತ ಹೆಚ್ಚು ಹೇಳುತ್ತದೆ. ಅರ್ಜಿಗೆ ಸಂಬಂಧವಿಲ್ಲದಿದ್ದರೂ ಇಲ್ಲೇ ಹೇಳಿಬಿಡುತ್ತೇನೆ: ನೆಲದ ಮೇಲೆ ಒಂದೊಂದು ಹೆಜ್ಜೆಗೆ ಒಂದರಂತೆ ಸೀಮೆಸುಣ್ಣದ ಅಡ್ಡಗೆರೆ ಎಳೆಯಿರಿ, ಗೆರೆ ದಾಟಿ ಎಂದು ಹೇಳಿ. ನಿಂತ ಕಾಲು ಎಷ್ಟೋ ಸಲ ಕದಲುತ್ತದೆ. ನಮ್ಮ ಮನೆಯ ಪಡಸಾಲೆಯಿಂದ ಬಚ್ಚಲಿನವರೆಗೆ ನಾನು ಬಣ್ಣದಲ್ಲೇ ಗೆರೆ ಬಳಿಸಿದ್ದೆ.

ನನ್ನ ಪತಿಯ ತಪಾಸಣೆಯ ದಿನ ಅವರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕುಳಿತು "ಪರವಾಗಿಲ್ಲ, ಸುಧಾರಿಸಿಕೊಂಡಿದ್ದೇನೆ" ಎಂದರು. ನಾನು ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಆ ಯುವ ವೈದ್ಯೆ ಪುಟಗಳನ್ನು ತಿರುವಿ, ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ಮತ್ತೆ ಹಾಕಿ ತೋರಿಸಿ ಎಂದು ಕೇಳಿದರು. ಆಮೇಲೆ ಕಾರಿಡಾರಿನಲ್ಲಿ ನಡೆಸಿ, ತಿರುಗಿ ಬನ್ನಿ ಎಂದರು. ತಿರುಗುವಾಗ ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ಹಾಗೆ ಕೇಳುವ ವೈದ್ಯರು ಸಿಗದಿದ್ದರೆ ನೀವೇ ಕೇಳಿ: "ಇವರನ್ನು ಒಮ್ಮೆ ನಡೆಸಿ ನೋಡಿ, ಒಂದು ಸಾಲು ಬರೆಸಿ ನೋಡಿ." ಹೆದರಬೇಡಿ, ಅದು ಉದ್ಧಟತನವಲ್ಲ.

ದನಿ ಸಣ್ಣದಾಗಿದೆ ಎಂದಿರಿ. ಅದೂ ಕಾಯಿಲೆಯ ಭಾಗವೇ. ಮೈಸೂರಿಗೆ ಬಂದಾಗ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. 1965ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಅದು. ದನಿಗೆ, ನುಂಗುವ ತೊಂದರೆಗೆ ಅಭ್ಯಾಸ ಹೇಳಿಕೊಡುತ್ತಾರೆ, ಕಿವಿಯನ್ನೂ ಪರೀಕ್ಷಿಸುತ್ತಾರೆ. ಈ ವಯಸ್ಸಿನಲ್ಲಿ ಕಿವಿ ಮಂದವಾಗಿರುವುದು ಸಾಮಾನ್ಯ, ಅದನ್ನೂ ದಾಖಲಿಸಿಕೊಳ್ಳಬೇಕು.

ಮಹಿಳೆಯರಾದ್ದರಿಂದ ಬಸ್ಸಿನ ವಿಷಯ ನಿಮಗೆ ಚಿಂತೆಯಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಇಬ್ಬರೂ ಸಾಮಾನ್ಯ ಬಸ್ಸಿನಲ್ಲಿ ಹಣ ಕೊಡದೆ ಬರಬಹುದು. ಗಂಡಸರಿಗಾದರೆ ವಿಕಲಚೇತನರ ಪಾಸು ಮಾಡಿಸಲು ಯುಡಿಐಡಿ ಕಾರ್ಡು ಬೇಕಾಗುತ್ತದೆ.

ಪಿಂಚಣಿಯ ಅಂಕಿಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯಲಿ. ನಾನು ಹೇಳುವುದು ಇಷ್ಟೆ: ಕೈಗೆ ಅಂಗವೈಕಲ್ಯದ ಪ್ರಮಾಣಪತ್ರ ಬರುವವರೆಗೆ ಸಂಧ್ಯಾ ಸುರಕ್ಷಾವನ್ನು ಮುಟ್ಟಬೇಡಿ.

ಉತ್ತರ: ನಿವೃತ್ತ ಕಂದಾಯ ನಿರೀಕ್ಷಕ, ಶ್ರೀರಂಗಪಟ್ಟಣ

ಮೇಡಂ ಹೇಳಿದ ಕೊನೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಅಂಕಿಗಳನ್ನು ನಾನು ಹೇಳುತ್ತೇನೆ.

ಒಬ್ಬರಿಗೆ ಕಂದಾಯ ಇಲಾಖೆಯ ಒಂದೇ ಸಾಮಾಜಿಕ ಭದ್ರತಾ ಪಿಂಚಣಿ. ಸಂಧ್ಯಾ ಸುರಕ್ಷಾ 1,200. ವಿಕಲಚೇತನರ ಪಿಂಚಣಿ ಎರಡು ಮೆಟ್ಟಿಲಿನಲ್ಲಿದೆ: ಶೇಕಡಾ 40ರಿಂದ 75ರವರೆಗೆ 800, 75ಕ್ಕೆ ಮೇಲ್ಪಟ್ಟರೆ 1,400. 2021ರ ಜುಲೈಯಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ದಿನವೇ ಸಂಧ್ಯಾ ಸುರಕ್ಷಾವನ್ನು ಸಾವಿರದಿಂದ 1,200ಕ್ಕೂ, ಕೆಳಗಿನ ಮೆಟ್ಟಿಲಿನ ವಿಕಲಚೇತನರ ಪಿಂಚಣಿಯನ್ನು 600ರಿಂದ 800ಕ್ಕೂ ಏರಿಸುವುದಾಗಿ ಘೋಷಿಸಿದರು. ಅಂದರೆ ನಿಮ್ಮ ಅತ್ತೆಗೆ 60 ಎಂದು ಬಂದು, ನೀವು ಹಳೆಯದನ್ನು ರದ್ದು ಮಾಡಿಸಿ ಹೊಸದಕ್ಕೆ ಹೋದರೆ, ತಿಂಗಳಿಗೆ 400 ರೂಪಾಯಿ ಕಳೆದುಕೊಳ್ಳುತ್ತೀರಿ. 75ರ ಮೇಲೆ ಬಂದರೆ 200 ಹೆಚ್ಚು. ಪಡಸಾಲೆಯಲ್ಲಿದ್ದ ಆ ವ್ಯಕ್ತಿ ನಿಮಗೆ ಶೇಕಡಾವಾರು ಕೇಳಿದ್ದರೇ? ಕೇಳದೆ ಹೆಚ್ಚು ಬರುತ್ತದೆ ಎಂದಿದ್ದರೆ, ಅವರಿಗೆ ಬೇಕಾಗಿದ್ದದ್ದು ನಿಮ್ಮ ದುಡ್ಡು ಮಾತ್ರ.

ಇಲ್ಲಿ ನನ್ನ ಹೊಟ್ಟೆಯುರಿಯನ್ನೂ ಹೇಳಬೇಕು. ಮೇಡಂ ಹೆಸರಿಸಿದ ಅದೇ 24ನೇ ಕಲಮು, ವಿಕಲಚೇತನರಿಗೆ ಕೊಡುವ ನೆರವು ಉಳಿದವರ ಅಂಥದೇ ಯೋಜನೆಗಿಂತ ಕನಿಷ್ಠ ಶೇಕಡಾ 25 ಹೆಚ್ಚಿರಬೇಕು ಎನ್ನುತ್ತದೆ. 1,200ಕ್ಕೆ ಕಾಲು ಭಾಗ ಸೇರಿಸಿದರೆ 1,500. ಶೇಕಡಾ 60 ವೈಕಲ್ಯವಿರುವ ಮುದುಕಿಗೆ ಆ ಲೆಕ್ಕದಲ್ಲಿ 800 ಎಂದರೆ ಏನರ್ಥ? ಸೇವೆಯಲ್ಲಿದ್ದಾಗ ಸಭೆಗಳಲ್ಲಿ ಇದನ್ನು ಎತ್ತಿದ್ದೇನೆ. ನಿವೃತ್ತನಾದ ಮೇಲೂ ಬರೆಯುತ್ತಿದ್ದೇನೆ, ಬರೆಯುತ್ತಲೇ ಇರುತ್ತೇನೆ. ನಿಮ್ಮ ಶಾಸಕರಿಗೆ ನೀವೂ ಒಂದು ಅರ್ಜಿ ಕೊಡಿ.

ಆರೈಕೆದಾರರ ಭತ್ಯೆಯ ಇಲಾಖೆ ಬೇರೆ. ಅದನ್ನು ನೋಡುವುದು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. 2024-25ರ ರಾಜ್ಯ ಬಜೆಟ್ಟಿನಲ್ಲಿ ನಾಲ್ಕು ಸ್ಥಿತಿಗಳಿಗೆ ಘೋಷಿಸಿದರು: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್. ನೋಡಿಕೊಳ್ಳುವವರಿಗೆ ತಿಂಗಳಿಗೆ 1,000. ನಿಮ್ಮ ಅತ್ತೆಯ ಕಾಯಿಲೆ ಅದರಲ್ಲಿರುವುದರಿಂದ ಕಾರ್ಡು ಕೈಗೆ ಬಂದ ಕೂಡಲೇ ಮಂಡ್ಯದಲ್ಲಿರುವ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಪ್ರಮಾಣಪತ್ರದಲ್ಲಿ "ಚಲನ ವೈಕಲ್ಯ" ಎಂದಷ್ಟೇ ಬರೆದು ಬಿಡದೆ ಪಾರ್ಕಿನ್ಸನ್ ಎಂಬ ಹೆಸರು ಸ್ಪಷ್ಟವಾಗಿ ಇರುವಂತೆ ನೋಡಿಕೊಳ್ಳಿ. ಎಲ್ಲವೂ ಆ ಒಂದು ಪದದ ಮೇಲೆ ನಿಂತಿದೆ.

ಉತ್ತರ: ಮದ್ದೂರಿನವನು, ಈಗ ಬೆಂಗಳೂರು

ನಿಮ್ಮ ಮೈದುನನಿಗೆ ಒಂದು ಮಾತು ತಿಳಿಸಿ. ತಾಯಿ ಅವನ ಮೇಲೆ ಅವಲಂಬಿತರಾಗಿದ್ದು, ಪ್ರಮಾಣಪತ್ರದಲ್ಲಿ ಶೇಕಡಾ 40 ಅಥವಾ ಹೆಚ್ಚು ಇದ್ದರೆ, ಆದಾಯ ತೆರಿಗೆಯ 80ಡಿಡಿ ಕಲಮಿನಲ್ಲಿ 75,000 ರೂಪಾಯಿ ಕಡಿತ ಸಿಗುತ್ತದೆ. 80 ಅಥವಾ ಹೆಚ್ಚು ಇದ್ದರೆ 1,25,000. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ನಾನು ನನ್ನ ತಂದೆಯ ಹೆಸರಿನಲ್ಲಿ ಪಡೆಯುತ್ತಿದ್ದೇನೆ. ಉಳಿದ ಹಣವನ್ನು ಅಮ್ಮನಿಗೇ ಕಳುಹಿಸುತ್ತೇನೆ, ಏಕೆಂದರೆ ನೋಡಿಕೊಳ್ಳುತ್ತಿರುವವರು ಅವರು.

ಮತ್ತೆ ಬರೆದವರು: ಪಾಂಡವಪುರದ ಸೊಸೆ

ಎಲ್ಲರಿಗೂ ಕೈಮುಗಿಯುತ್ತೇನೆ. ಯಾರ ಮನೆಯ ಹೆಣ್ಣುಮಗಳೋ ಎನ್ನದೆ ಇಷ್ಟು ಬರೆದಿರಿ. ಮೇಡಂ ಹೇಳಿದ ಹಾಗೆ "ನನಗಾಗಿ ಬನ್ನಿ ಅತ್ತೆ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಸೀರೆ ಉಡಿಸುತ್ತೀಯ" ಎಂದು ಕೇಳಿದರು. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆಯನ್ನು ಕಂಡೆ. ನಮ್ಮ ಊರಿನವರೇ, ನಮ್ಮ ಮನೆಯ ಮುಂದೆಯೇ ಓಡಾಡುತ್ತಾರೆ. ಅರ್ಜಿ ಹಾಕಿದ್ದೇವೆ. ಪುಸ್ತಕ ಬರೆಯಲು ಶುರು ಮಾಡಿದ್ದೇನೆ. ರಾತ್ರಿಯ ಪುಟಗಳನ್ನು ಯಜಮಾನರು ಓದಿ, ಇನ್ನು ಮೇಲೆ ಬೆಳಗಿನ ಜಾವದ ಪಾಳಿ ನನ್ನದು ಎಂದಿದ್ದಾರೆ.

ಇನ್ನೆರಡು ಸಂಶಯ. ಕಿವಿಯೂ ಮಂದ ಎಂದು ಬಂದರೆ ಎರಡನ್ನೂ ಕೂಡಿಸಿ 75 ದಾಟುತ್ತದೆಯೇ? ಶೇಕಡಾವಾರು ಕಡಿಮೆ ಹಾಕಿದರೆ ಮುಂದೇನು?

ಉತ್ತರ: ಪುನರ್ವಸತಿ ಕಾರ್ಯಕರ್ತ, ನಾಗಮಂಗಲ ತಾಲ್ಲೂಕು

ನೇರವಾಗಿ ಕೂಡಿಸುವುದಿಲ್ಲ ಅಕ್ಕ. ದೊಡ್ಡ ಅಂಕಿಯನ್ನು ಇಟ್ಟುಕೊಂಡು, 90ರಿಂದ ಅದನ್ನು ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ ಸೇರಿಸುತ್ತಾರೆ. ಚಲನೆಗೆ 50, ಕಿವಿಗೆ 30 ಬಂದರೆ ಒಟ್ಟು 80 ಆಗುವುದಿಲ್ಲ, 63 ಚಿಲ್ಲರೆ ಆಗುತ್ತದೆ. ಇದು ತಿಳಿಯದೆ ಬಹಳ ಜನ ತಮಗೆ ಮೋಸವಾಯಿತು ಎಂದುಕೊಳ್ಳುತ್ತಾರೆ. ಆದರೂ ಕಿವಿಯ ತಪಾಸಣೆ ಬಿಡಬೇಡಿ, ಆ 13 ಅಂಕವೇ ಕೆಲವರನ್ನು ಮೆಟ್ಟಿಲು ಹತ್ತಿಸುತ್ತದೆ.

ಪಾರ್ಶ್ವವಾಯುವಿನವರ ಮನೆಯವರು ಇದನ್ನು ಓದುತ್ತಿದ್ದರೆ ಅವರಿಗೂ ಹೇಳಿಬಿಡುತ್ತೇನೆ. ನರಸಂಬಂಧಿ ಕಾಯಿಲೆಗಳಲ್ಲಿ ಸಾಮಾನ್ಯವಾಗಿ ಕಾಯಿಲೆ ಬಂದು ಆರು ತಿಂಗಳಾದ ಮೇಲೆ ಶೇಕಡಾವಾರು ನಿರ್ಧರಿಸುತ್ತಾರೆ. ಅಷ್ಟರಲ್ಲಿ ಎಷ್ಟು ಚೇತರಿಸಿಕೊಳ್ಳುತ್ತಾರೆ ಎಂದು ನೋಡಬೇಕಲ್ಲ. ಅದಕ್ಕೆ ಮೊದಲು ಹೋಗಿ ವಾಪಸು ಬಂದರೆ ಬೇಸರಿಸಬೇಡಿ, ಆ ಆರು ತಿಂಗಳ ಚೀಟಿಗಳನ್ನೆಲ್ಲ ಜೋಪಾನ ಮಾಡಿ.

ಉತ್ತರ: ನಿವೃತ್ತ ಶಿಕ್ಷಕಿ, ಕೃಷ್ಣಮೂರ್ತಿಪುರಂ, ಮೈಸೂರು

ಯಾವ ಸೀರೆ ಎಂದು ಕೇಳಿದರೆಂದು ಓದಿ ನನಗೆ ಎಷ್ಟು ಸಂತೋಷವಾಯಿತು ಎಂದು ಹೇಳಲಾರೆ. ಅವರಿಗೆ ಇಷ್ಟವಾದದ್ದನ್ನೇ ಉಡಿಸಿ. ಚೆನ್ನಾಗಿ ಉಟ್ಟುಕೊಂಡು ಹೋದರೆ ಕಾಯಿಲೆ ಕಡಿಮೆ ಎಂದು ಯಾರಾದರೂ ತಿಳಿದರೆ, ಇದನ್ನು ಉಡಿಸಲು ಎಷ್ಟು ಹೊತ್ತು ಹಿಡಿಯಿತು ಎಂದು ನೀವು ಹೇಳಿ.

ಶೇಕಡಾವಾರು ಕಡಿಮೆ ಬಂದರೆ ಮೊದಲು ನೋಡಬೇಕಾದದ್ದು 40 ದಾಟಿದೆಯೇ ಎಂದು. ದಾಟಿದ್ದರೆ ಮೈದುನನ ತೆರಿಗೆಯ ದಾರಿ ತೆರೆಯಿತು, ಭತ್ಯೆಗೆ ಕೇಳಲು ಕೈಯಲ್ಲಿ ಕಾಗದ ಬಂತು. ಪಿಂಚಣಿ ಈಗಿರುವ 1,200ರಲ್ಲೇ ಇರಲಿ. 75ಕ್ಕೆ ಮೇಲ್ಪಟ್ಟರೆ ಮಾತ್ರ ನಾಡಕಚೇರಿಗೆ ಹೋಗಿ, ಒಂದನ್ನು ನಿಲ್ಲಿಸಿ ಇನ್ನೊಂದು ಶುರುವಾಗುವ ನಡುವೆ ತಿಂಗಳುಗಳು ಖಾಲಿ ಬೀಳದಂತೆ ಏನು ಮಾಡಬೇಕೆಂದು ಕೇಳಿ ಅರ್ಜಿ ಕೊಡಿ. ಹಣ ಹೋಗುವುದು ಆಧಾರ್ ಜೋಡಣೆಯಾಗಿರುವ ಖಾತೆಗೆ. ನಿಮ್ಮ ಕೈಯಲ್ಲಿರುವ ಪಾಸ್‌ಪುಸ್ತಕದ ಖಾತೆಯೇ ಅದೆಂದು ಬ್ಯಾಂಕಿನಲ್ಲಿ ಖಚಿತ ಮಾಡಿಕೊಳ್ಳಿ.

ನಿಜಕ್ಕೂ ಅನ್ಯಾಯವಾಗಿ ಕಡಿಮೆ ಹಾಕಿದ್ದಾರೆ ಎನಿಸಿದರೆ ಕಾಯ್ದೆಯ 59ನೇ ಕಲಮಿನಲ್ಲಿ ಮೇಲ್ಮನವಿಗೆ ಅವಕಾಶವಿದೆ. ಮೇಲ್ಮನವಿಯಲ್ಲಿ ನಿಮ್ಮ ನೋಟ್‌ಪುಸ್ತಕದ ಪುಟಗಳ ನಕಲು ಸೇರಿಸಿ, ಮೂಲ ಪುಸ್ತಕ ಯಾರಿಗೂ ಕೊಡಬೇಡಿ. ಈ ಕಾಯಿಲೆ ಮುಂದುವರಿಯುವಂಥದ್ದು, ಹೇಳಲು ಸಂಕಟವಾಗುತ್ತದೆ. ಇಂದು 55 ಇದ್ದದ್ದು ಮುಂದೆ ಹೆಚ್ಚಾದಾಗ ಮರುತಪಾಸಣೆಗೆ ಕೇಳಬೇಕಾಗುತ್ತದೆ. ಆದ್ದರಿಂದ ಬರೆಯುವುದನ್ನು ಪೂರ್ತಿ ನಿಲ್ಲಿಸಬೇಡಿ, ತಿಂಗಳಿಗೆ ಒಂದು ಪುಟವಾದರೂ ಇರಲಿ.

ಕಚೇರಿಯಲ್ಲಿ ಯಾರೂ ಸರಿಯಾಗಿ ಉತ್ತರ ಕೊಡದಿದ್ದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಸ್ವಾವಲಂಬನ್ ಅರ್ಜಿಯ ನೋಂದಣಿ ಸಂಖ್ಯೆಯನ್ನು ಈ ರಾತ್ರಿಯೇ ನೋಟ್‌ಪುಸ್ತಕದ ಒಳರಟ್ಟಿನ ಮೇಲೆ ದೊಡ್ಡದಾಗಿ ಬರೆದಿಡಿ. ತಪಾಸಣೆಯ ದಿನ ಗೊತ್ತಾದರೆ ಇಲ್ಲಿ ತಿಳಿಸಿ. ಮೈಸೂರಿನಲ್ಲೇ ಆದರೆ ನಾನು ಬಂದು ನಿಮ್ಮ ಜೊತೆ ಕುಳಿತುಕೊಳ್ಳುತ್ತೇನೆ.